ಹೊರೆಯ ಹೆಸರು

ಗಡ್ಡ ಬಿಟ್ಟ ಮರಗಳ ಕಾಡು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಮನುಷ್ಯರ ಹೆಸರೂ ಮುಗಿಯುತ್ತದೆ. ಅಲ್ಲಿಂದ ಮೇಲೆ ಯಾರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ಅಣ್ಣ, ಮಾವ, ಅಳಿಯ ಎಂದು ನಂಟು ಹೇಳುವಂತೆಯೂ ಇಲ್ಲ. ಹಿಮದ ಒಡೆಯ ಕಿಟಸಾಂಬನ ಕಿವಿ ಚುರುಕು, ಬುದ್ಧಿ ಅಷ್ಟಕ್ಕಷ್ಟೆ. ಕಣಿವೆಯ ಪ್ರತಿ ಮನೆಯಲ್ಲೂ ಮೊದಲು ಹುಟ್ಟಿದ ಗಂಡು ಬಲುಕು, ಎರಡನೆಯದು ಬ್ವಾಂಬಾಲೆ. ಯಾರೂ ಕೂತು ಹೆಸರು ಹುಡುಕುವುದಿಲ್ಲ, ಹುಟ್ಟಿದ ಸರದಿಯೇ ಹೆಸರು. ಹೀಗಿರುವಾಗ ಬೆಟ್ಟದ ಮೇಲೆ ನಿಂತು ಬಲುಕು ಎಂದು ಕೂಗಿದರೆ ಅವನು ಯಾವ ಮನೆಯ ಬಲುಕುವನ್ನು ಎತ್ತಿಕೊಳ್ಳುತ್ತಾನೋ ಯಾರಿಗೆ ಗೊತ್ತು? ಅದಕ್ಕೇ ಮೇಲೆ ಹೋದವನಿಗೆ ಅವನು ಹೊತ್ತ ಹೊರೆಯೇ ಹೆಸರು. ಪಾತ್ರೆ ಹೊತ್ತ ಅಡುಗೆಯವನು ಪಾತ್ರೆ. ಮೊಟ್ಟೆಯ ಬುಟ್ಟಿ ಹೊತ್ತವನು ಮೊಟ್ಟೆ. ಎಲ್ಲರ ಮುಂದೆ ನಡೆದು ದಾರಿ ತೋರಿಸುವವನು ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡಿರುತ್ತಾನೆ, ಅವನು ಹಗ್ಗ. ಬ್ವಾಂಬಾಲೆ ಬಹಳ ವರ್ಷಗಳಿಂದ ಹಗ್ಗ. ಈ ಸಲ ಅವನ ಬೆನ್ನ ಹಿಂದೆ ಒಲೆ ಕೆಮ್ಮುತ್ತ ಬರುತ್ತಿತ್ತು.

ಕೆಮ್ಮು ಮೊದಲ ದಿನ ಒಣಗಿತ್ತು, ಹಳೆ ಗೋಣಿಚೀಲ ಹರಿದ ಹಾಗೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮಂಜಿನಲ್ಲಿ ಯಾರು ಕೆಮ್ಮುವುದಿಲ್ಲ? ಈಗ ಅದು ಒದ್ದೆಯಾಗಿತ್ತು. ಜೌಗಿನಲ್ಲಿ ಇಟ್ಟ ಬೂಟನ್ನು ಎಳೆದು ತೆಗೆದಾಗ ಬರುವ ಸದ್ದಿಗೂ ಆ ಕೆಮ್ಮಿಗೂ ಬ್ವಾಂಬಾಲೆಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಎಲ್ಲರೂ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿದ್ದರು, ಎಲ್ಲರ ಕಾಲೂ ಕೆಸರಿನಲ್ಲಿ ಚಳ್ ಚಳ್ ಎನ್ನುತ್ತಿತ್ತು, ಬೆಟ್ಟವೇ ಕೆಮ್ಮುತ್ತಿದೆ ಎಂದುಕೊಂಡು ಸುಮ್ಮನಾಗಬಹುದಿತ್ತು. ಹಾಗೇ ಅಂದುಕೊಂಡು ನಡೆದ. ಮಂಜಿನಲ್ಲಿ ದೈತ್ಯ ಗಿಡಗಳು ಒಂದೊಂದಾಗಿ ಎದುರು ಬಂದು ನಿಲ್ಲುತ್ತಿದ್ದವು. ಒಣಗಿದ ಎಲೆಯ ಕಂಬಳಿ ಹೊದ್ದು, ತಲೆಯ ಮೇಲೆ ಹಸಿರು ಮುಡಿ ಇಟ್ಟುಕೊಂಡು, ಯಾರದೋ ಮನೆಯ ಹೆಣದ ಮುಂದೆ ಮಾತಿಲ್ಲದೆ ನಿಂತ ನೆಂಟರ ಹಾಗೆ. ಹತ್ತಿರ ಹೋದರೆ ಗಿಡ, ದಾಟಿ ಹಿಂದಿರುಗಿ ನೋಡಿದರೆ ಮತ್ತೆ ನೆಂಟರು. ಇಷ್ಟು ವರ್ಷ ನೋಡಿದ್ದರೂ ಅವುಗಳಲ್ಲಿ ಒಂದು ಕೈಯೆತ್ತಿ ತನ್ನನ್ನು ನಿಲ್ಲಿಸಿ ಏನಾದರೂ ಕೇಳೀತು ಎಂಬ ಅಂಜಿಕೆ ಇವತ್ತು ಹುಟ್ಟಿತ್ತು. ಏನು ಕೇಳೀತು ಎಂದೂ ಅವನಿಗೆ ಗೊತ್ತಿತ್ತು.

ನಾಯಕರಾಗುವವರಿಗೆ, ಬಿಳಿಯರನ್ನು ಬೆಟ್ಟಕ್ಕೆ ಕಳಿಸುವ ಕಚೇರಿಯವರು ಪಾಠ ಮಾಡಿಸಿದ್ದರು. ಎತ್ತರದಲ್ಲಿ ಕೆಲವರ ಎದೆಯೊಳಗೆ ನೀರು ತುಂಬುತ್ತದೆ. ಕೆಮ್ಮು ಒದ್ದೆಯಾಗುತ್ತದೆ, ತುಟಿ ಕಪ್ಪಾಗುತ್ತದೆ. ಮದ್ದು ಒಂದೇ, ಕೆಳಗಿಳಿಸುವುದು. ಪಾಠ ಹೇಳಿದವನು ಎರಡು ಬಾರಿ ಹೇಳಿದ್ದ. ಬ್ವಾಂಬಾಲೆ ಆಮೇಲೆ ಎಷ್ಟೋ ಬಿಳಿಯರಿಗೆ ಅದನ್ನೇ ಇಂಗ್ಲಿಷಿನಲ್ಲಿ ಒಪ್ಪಿಸಿದ್ದ. ಆದರೆ ಒಲೆ ಹೊತ್ತವನನ್ನು ಕೆಳಗಿಳಿಸಬೇಕಾದರೆ ಅವನ ಬೆನ್ನಿನಿಂದ ಒಲೆ ತೆಗೆಯಬೇಕು. ಎಲ್ಲರ ಎದುರು. ಹೊರೆ ಕಿತ್ತುಕೊಂಡ ಮೇಲೆ ಅವನಿಗೆ ಹೆಸರೇ ಇರುವುದಿಲ್ಲ. ಬರಿಗೈಯಲ್ಲಿ ಕಾಡಿನತ್ತ ಇಳಿದು ಹೋಗುವವನನ್ನು ಏ ಎಂದು ಕೂಗಬಹುದು, ನಾಯಿಯನ್ನು ಕೂಗಿದ ಹಾಗೆ. ಬೇರೆ ಯಾರಾದರೂ ಆಗಿದ್ದರೆ ಯಾವಾಗಲೋ ಕಳಿಸಿಬಿಡುತ್ತಿದ್ದ. ಒಲೆ ಹೊತ್ತವನು ಬಲುಕು. ಒಡಹುಟ್ಟಿದ ಅಣ್ಣ.

ಇನ್ನೂ ಒಂದಿತ್ತು. ಬಲುಕು ಒಬ್ಬನೇ ಇಳಿಯುವ ಸ್ಥಿತಿಯಲ್ಲಿಲ್ಲ, ಜೊತೆಗೆ ಯಾರೋ ಹೋಗಬೇಕು, ಆ ಯಾರೋ ತಾನೇ ಆಗಬೇಕು. ಹಗ್ಗ ಇಳಿದರೆ ಎಲ್ಲರೂ ಇಳಿದ ಹಾಗೆ. ಹೋದ ವರ್ಷ ಇಬ್ಬರು ಬಿಳಿಯರನ್ನು ಹಿಮ ಮುಟ್ಟಿಸದೆ ಹಿಂದಕ್ಕೆ ತಂದದ್ದಾಗಿತ್ತು. ಮತ್ತೊಮ್ಮೆ ಹಾಗಾದರೆ ಹಗ್ಗ ಬೇರೆಯವರ ಹೆಗಲಿಗೆ ಎಂದು ಕಚೇರಿಯವರು ನಗುನಗುತ್ತಲೇ ಹೇಳಿದ್ದರು. ನಗುನಗುತ್ತ ಹೇಳಿದ್ದನ್ನು ಅವರು ಮಾಡಿಯೇ ಮಾಡುತ್ತಾರೆ. ಹಗ್ಗ ಹೋದರೆ ಅವನೇನು? ಮನೆಯಲ್ಲಿ ಎರಡನೆಯವನು, ಊರಲ್ಲಿ ಎರಡನೆಯವನು, ಹೆಸರೇ ಎರಡನೆಯವನು. ಆ ಹಗ್ಗವೊಂದೇ ಅವನನ್ನು ಯಾರ ಮುಂದಾದರೂ ನಿಲ್ಲಿಸಿತ್ತು.

ಅಣ್ಣನನ್ನು ಕರೆತರಬೇಕಿರಲಿಲ್ಲ. ಬಲುಕು ಬೆಟ್ಟ ಬಿಟ್ಟು ಯಾವ ಕಾಲವಾಯಿತೋ. ಕಟ್ವೆಯ ಉಪ್ಪಿನ ಕೆರೆಯಲ್ಲಿ ಸೊಂಟದವರೆಗೆ ನೀರಲ್ಲಿ ನಿಂತು ಉಪ್ಪಿನ ಚಪ್ಪಡಿ ಎಬ್ಬಿಸಿ ಎಬ್ಬಿಸಿ ಕಾಲೆಲ್ಲ ಬಿರುಕು. ಬಿಸಿಲಿನ ಊರು ಅದು. ಬೆಟ್ಟ ಮೋಡ ಬಿಟ್ಟ ದಿನ ಅಲ್ಲಿಂದ ಹಿಮ ಕಾಣುತ್ತದಂತೆ, ಬಾನಂಚಿನಲ್ಲಿ ಉಪ್ಪು ಚೆಲ್ಲಿದ ಹಾಗೆ. ಊರಿಗೆ ಬಂದವನು ಅಂಗಳದಲ್ಲಿ ಕಾಲು ಚಾಚಿ ಕೂತು, ಒಂದ್ಸಲ ಹತ್ತಿಸೋ ತಮ್ಮಾ, ನೋಡ್ಕೊಂಡು ಬಂದ್ಬಿಡ್ತೀನಿ ಅಂದಿದ್ದ. ಇಷ್ಟೇ. ಬೇಡ ಅನ್ನಬಹುದಿತ್ತು. ಬ್ವಾಂಬಾಲೆ ಆಗಲಿ ಅಂದ. ಯಾಕೆ ಅಂದ? ಕರುಣೆಯಿಂದ ಎಂದು ಹೆಂಡತಿಗೆ ಹೇಳಿದ್ದ. ಸುಳ್ಳು. ತಾನು ಮುಂದೆ ನಡೆಯುವುದನ್ನು, ಬಿಳಿಯರು ತನ್ನ ಮಾತಿಗೆ ತಲೆಯಾಡಿಸುವುದನ್ನು, ತಾನು ಕೈಯೆತ್ತಿದರೆ ಇಡೀ ಸಾಲು ನಿಲ್ಲುವುದನ್ನು ಅಣ್ಣ ಹಿಂದಿನಿಂದ ನೋಡಬೇಕಿತ್ತು. ಹಿಂದಿನಿಂದ, ಹೊರೆ ಹೊತ್ತು, ಏದುಸಿರು ಬಿಡುತ್ತ.

ಹೊರಟ ದಿನ ಕೆಳಗೆ ತೂಕದ ಚಪ್ಪರದಲ್ಲಿ ಕೊಕ್ಕೆಗೆ ಒಂದೊಂದೇ ಮೂಟೆ ತೂಗುಬಿದ್ದು ಹಂಚಿಕೆಯಾಗುವಾಗ ಬಲುಕು ಬಾಯಿ ಬಿಟ್ಟ. ಸುಮ್ಮನಿರುವ ಜಾತಿಯಲ್ಲ ಅವನದು.

"ಏನ್ರೋ, ನಿಮ್ಮ ನಾಯಕನ್ನ ನಾನು ಹೊತ್ತಿದ್ದೀನಿ, ಗೊತ್ತಾ? ಇದೇ ಬೆನ್ನು!"

"ಬಿಡ್ತು, ಶುರುವಾಯ್ತು ಪುರಾಣ," ಎಂದ ಅಡುಗೆಯವನು, ಕೂಲೆ ಅವನ ಹೆಸರು. ಅವನಿಗೆ ಕೇಳಲು ಆಸೆಯೇ.

"ಇವನಿಗೆ ಮೀಸೆ ಬಂದಿರಲಿಲ್ಲ ಕಣ್ರೋ. ಮೊದಲನೇ ಸಲ ಮೇಲೆ ಬಂದಿದ್ದ. ಕೆರೆ ಹತ್ರ ಜ್ವರ ಹಿಡ್ಕೊಂತು. ನನ್ನ ಹೊರೆ ಅವರಿಗಿಷ್ಟು ಇವರಿಗಿಷ್ಟು ಹಂಚಿ ಇವನನ್ನ ಬೆನ್ನಿಗೆ ಕಟ್ಕೊಂಡೆ. ಈಗ ನನ್ನ ಹೊರೆ ಯಾವುದು? ತಮ್ಮ. ಹಂಗಾದ್ರೆ ನನ್ನ ಹೆಸರೇನು? ತಮ್ಮ! ನಂಟು ಹೇಳಬಾರದು ಸರಿ, ಹೊರೆ ಹೇಳಬಹುದಲ್ಲ! 'ಏ ತಮ್ಮಾ, ಎಡಕ್ಕೆ ಕಾಲಿಡು. ಏ ತಮ್ಮಾ, ಜಾರ್ತದೆ ನೋಡು.' ಅವರು ಕರೀತಿದ್ದದ್ದು ನನ್ನನ್ನ. ಬೆನ್ನ ಮೇಲಿಂದ ಓ ಅಂತಿದ್ದೋನು ಇವನು! ದಾರಿಪೂರ್ತಿ ಓ, ಓ, ಕುರಿಮರಿ ಹಂಗೆ!"

ಚಪ್ಪರ ಹಾರಿಹೋಗುವ ಹಾಗೆ ನಕ್ಕರು. ಅರ್ಥವಾಗದಿದ್ದರೂ ಹಲೀನಾ ಕೂಡ ನಕ್ಕಳು. ಪೋಲೆಂಡ್ ದೇಶದ ಹಲ್ಲಿನ ಡಾಕ್ಟರು ಅವಳು, ತಲೆ ಪೂರ್ತಿ ನರೆತಿತ್ತು, ಈ ಸಲದ ಮುಜುಂಗು, ಅಂದರೆ ಬಿಳಿಯಳು, ಅವಳೊಬ್ಬಳೇ. ಏನು ಹೇಳಿದರು ಎಂದು ಬ್ವಾಂಬಾಲೆಯನ್ನು ಕೇಳಿದಳು. ಏನಿಲ್ಲ, ಹಳೆ ಕಥೆ ಎಂದ. ಕಿವಿ ಕಾದಿತ್ತು. ಕೊಕ್ಕೆಯಲ್ಲಿ ಆಗ ಸೀಮೆಎಣ್ಣೆ ಒಲೆ ತೂಗುತ್ತಿತ್ತು, ಎರಕದ ಕಬ್ಬಿಣದ್ದು, ಜೊತೆಗೆ ಎಣ್ಣೆಯ ಡಬ್ಬ. ಯಾರೂ ಕೈ ಚಾಚದ ಹೊರೆ ಅದು. ಮೂಲೆ ಬೆನ್ನಿಗೆ ಚುಚ್ಚುತ್ತದೆ, ಎಣ್ಣೆ ವಾಸನೆ ಊಟದವರೆಗೂ ಹಿಂಬಾಲಿಸುತ್ತದೆ.

"ಒಲೆ ನೀನು ತಗೋ," ಎಂದ ಅಣ್ಣನಿಗೆ.

ಕೂಲೆ ನಗು ನಿಲ್ಲಿಸಿದ. "ಲೋ, ಅದು ಎಳೇ ಬೆನ್ನಿನ ಹೊರೆ ಕಣೋ. ಅವನಿಗೆ ಮೊಟ್ಟೆ ಕೊಡು."

"ಹಗ್ಗ ಯಾರ ಹೆಗಲ ಮೇಲಿದೆ? ನಿನ್ನದಾ, ನನ್ನದಾ?"

"ಕೊಡು, ಕೊಡು," ಎಂದ ಬಲುಕು. "ಉಪ್ಪು ಹೊತ್ತ ಬೆನ್ನು ಇದು. ನಿನ್ನನ್ನ ಹೊತ್ತ ಬೆನ್ನು. ಒಲೆ ಯಾವ ಲೆಕ್ಕ?" ಮತ್ತೆ ನಗು. ಮೊಟ್ಟೆಯ ಬುಟ್ಟಿ ಎಳೆ ವಯಸ್ಸಿನ ಇನ್ನೊಬ್ಬನಿಗೆ ಹೋಯಿತು. ಅವನೂ ಬಲುಕುವೇ, ಬೇರೆ ಮನೆಯ ಬಲುಕು.

ಇವತ್ತು ಮಧ್ಯಾಹ್ನ ದೊಡ್ಡ ಬಂಡೆಯ ಕೆಳಗೆ ಊಟಕ್ಕೆ ಕೂತಾಗ ಮಂಜು ಬಂಡೆಯ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ಮರಗೆಣಸಿನ ಮುದ್ದೆ ತಣ್ಣಗಾಗಿ ಕಲ್ಲಾಗಿತ್ತು. ಬಲುಕು ತಿನ್ನಲಿಲ್ಲ. ತನ್ನ ಪಾಲನ್ನು ಮೊಟ್ಟೆಯ ಕಡೆ ತಳ್ಳಿ, ಒಲೆಗೆ ಒರಗಿ ಕಣ್ಣು ಮುಚ್ಚಿದ್ದ. ತುಟಿ ಕಪ್ಪಾಗಿದೆಯೋ, ನೆರಳು ಬಿದ್ದಿದೆಯೋ? ಬ್ವಾಂಬಾಲೆ ನೆರಳು ಎಂದುಕೊಂಡ. ಹಲೀನಾ ಮಾತ್ರ ಅವನನ್ನೇ ನೋಡುತ್ತಿದ್ದಳು. ಅವಳದೊಂದು ಹಟ: ಮನುಷ್ಯನನ್ನು ಪಾತ್ರೆ, ಮೊಟ್ಟೆ ಎಂದು ಕರೆಯುವುದು ತನ್ನಿಂದಾಗದು. ಹೆಸರು ಹೇಳಬಾರದು ಎಂದಮೇಲೆ ಬೆರಳು ತೋರಿಸಿ, ನೀವು, ನೀವು ಅನ್ನುತ್ತಿದ್ದಳು. ಪಾತ್ರೆಗೆ ಅದು ಬಹಳ ಮೋಜು. "ನಾನು ಪಾತ್ರೆ ಆಗೋಕೆ ಒಪ್ಕೊಂಡ್ರೂ ಈಯಮ್ಮ ಒಪ್ತಿಲ್ಲ. ಬರೀ ನೀರಿನ ಬಾಟ್ಲಿ ಹಿಡ್ಕೊಂಡು ಬಂದವಳಿಗೆ ಹೊರೆ ಬೆಲೆ ಏನು ಗೊತ್ತು?"

"ಆ ಕೆಮ್ಮುವವರು," ಎಂದಳು ಹಲೀನಾ ಇಂಗ್ಲಿಷಿನಲ್ಲಿ, "ಅವರಿಗೆ ಹುಷಾರಿಲ್ಲ. ನಿಮ್ಮಿಬ್ಬರ ಕಿವಿ ಒಂದೇ ಥರ ಇದೆ. ಅವರು ನಿಮಗೇನಾಗಬೇಕು?"

ನಂಟು ಹೇಳುವಂತಿಲ್ಲ. ಇದು ಬೆಟ್ಟ, ನೇಮ ನೇಮವೇ. ಆದರೆ ಆ ನೇಮ ಅಷ್ಟು ಸಮಯಕ್ಕೆ ಸರಿಯಾಗಿ ಒದಗಿಬಂದದ್ದಕ್ಕೆ ಅವನ ಎದೆಯಲ್ಲಿ ಏನೋ ಸಡಿಲವಾಯಿತು.

"ಏನೂ ಇಲ್ಲ. ಒಲೆ ಹೊರೋನು."

"ಕೆಳಗೆ ಕಳಿಸಬೇಕಲ್ಲವೇ?"

"ಅವರಿಗೆಲ್ಲ ಇದು ಅಭ್ಯಾಸ."

ಕಣ್ಣು ಮುಚ್ಚಿದ್ದ ಬಲುಕು ನಕ್ಕ. ಕಟ್ವೆಗೆ ಬರುವ ವ್ಯಾಪಾರಿಗಳ ಜೊತೆ ಅವನೂ ನಾಲ್ಕು ಇಂಗ್ಲಿಷ್ ಮಾತು ಕಲಿತಿದ್ದನ್ನು ಬ್ವಾಂಬಾಲೆ ಮರೆತಿದ್ದ. "ಸರಿಯಾಗಿ ಹೇಳಿದೆ ಹಗ್ಗ," ಎಂದ ಅಣ್ಣ, ಕಣ್ಣು ತೆರೆಯದೆ. "ಒಲೆಗೆ ಏನಭ್ಯಾಸ? ಉರಿಯೋದು." ಆಮೇಲೆ ಕೆಮ್ಮು ಬಂತು. ಅದು ನಿಲ್ಲುವವರೆಗೂ ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು.

ಮತ್ತೆ ಜೌಗು. ಕಣಿವೆಯ ಅಗಲಕ್ಕೂ ಹಾಸಿದ ಜೌಗು, ಅದರ ತುಂಬ ಹುಲ್ಲಿನ ಗುಪ್ಪೆಗಳು, ಮುಳುಗಿದವರ ತಲೆಗಳ ಹಾಗೆ. ಗುಪ್ಪೆಯಿಂದ ಗುಪ್ಪೆಗೆ ಕಾಲು ಹಾಕುತ್ತ ಹೋಗಬೇಕು, ತಪ್ಪಿದರೆ ತೊಡೆಯವರೆಗೆ. ಬ್ವಾಂಬಾಲೆಯ ಕಾಲಿಗೆ ಅದೆಲ್ಲ ಬಾಯಿಪಾಠ, ಮನಸ್ಸು ಎಲ್ಲೋ ಇತ್ತು. ಹಿಂದೆ ಹಲೀನಾಳ ಉಸಿರು, ಅದರ ಹಿಂದೆ ಪಾತ್ರೆಗಳ ಠಣ ಠಣ, ಅದಕ್ಕೂ ಹಿಂದೆ ಕೆಮ್ಮು. ಕುರಿಮರಿ ಹಂಗೆ ಅಂದನಲ್ಲ. ಎಷ್ಟು ಜನರ ಮುಂದೆ ಅಂದ. ಆ ಬೆನ್ನು ನೆನಪಿತ್ತು ಅವನಿಗೆ, ಬೆವರು ಮತ್ತು ಹೊಗೆಯ ವಾಸನೆಯ ಬೆನ್ನು, ಅದರೊಳಗೆ ಎದೆ ಡೋಲಿನ ಹಾಗೆ ಬಡಿದುಕೊಳ್ಳುತ್ತಿದ್ದದ್ದು, ಕೆನ್ನೆ ಒತ್ತಿದರೆ ಕೆನ್ನೆಯೂ ಬಡಿದುಕೊಳ್ಳುತ್ತಿದ್ದದ್ದು. ಜ್ವರದಲ್ಲಿ ಅವನಿಗೆ ತಾನು ಯಾರು, ಹೊತ್ತವನು ಯಾರು ತಿಳಿದಿರಲಿಲ್ಲ. ತಮ್ಮಾ ಎಂದರು, ಓ ಎಂದ. ಬೇರೇನನ್ನಬೇಕಿತ್ತು? ಹುಟ್ಟಿದಾಗಿನಿಂದ ಆ ಕರೆಗೆ ಅವನೇ ಓಗೊಟ್ಟದ್ದು. ಅಣ್ಣ ಮುಂಚೆ ಹುಟ್ಟಿಬಿಟ್ಟಿದ್ದ, ಅದೊಂದೇ ಅವನ ಸಾಧನೆ. ಆ ಸಾಧನೆಗೆ ಸಾವೂ ಅಡ್ಡಬರುವುದಿಲ್ಲ. ಇವತ್ತು ಅಣ್ಣ ಸತ್ತರೂ ನಾಳೆ ನಾನು ಬಲುಕು ಆಗುವುದಿಲ್ಲ, ಬ್ವಾಂಬಾಲೆಯೇ, ಸತ್ತವನ ಹಿಂದೆ ನಿಂತ ಎರಡನೆಯವನೇ. ಹೀಗೆಂದುಕೊಂಡ. ಅಂದುಕೊಂಡದ್ದು ಮಾತಿನ ರೂಪದಲ್ಲಿ ತಲೆಯೊಳಗೆ ಪೂರ್ತಿ ಮೂಡಿದ ಮೇಲೆಯೇ ಅದು ಎಂಥ ಮಾತೆಂದು ತಿಳಿದದ್ದು. ಕಾಲು ಒಂದು ಗುಪ್ಪೆ ತಪ್ಪಿತು. ಹಲೀನಾ ತೋಳು ಹಿಡಿದುಕೊಂಡಳು. ನಾಯಕನನ್ನು ಮುಜುಂಗು ಹಿಡಿದೆತ್ತುವುದು! ಹಿಂದೆ ಯಾರೂ ನಗಲಿಲ್ಲ. ಮಂಜು ದಟ್ಟವಾಗಿತ್ತು, ಯಾರಿಗೂ ಕಂಡಿರಲಿಕ್ಕಿಲ್ಲ.

ಆಮೇಲೆ ನಡಿಗೆ ಹಗುರವಾಯಿತು. ಮಂಜಿನೊಳಗೆ ಬೆಳಕೊಂದು ಸೇರಿಕೊಂಡು, ಹಾಲಿನ ಒಳಗೆ ನಡೆಯುತ್ತಿರುವ ಹಾಗೆ, ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ. ಗಿಡಗಳ ಮೇಲಿನ ಪಾಚಿ ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ಎಲ್ಲೋ ನೀರು ಮಾತಾಡುತ್ತಿತ್ತು, ಅವ್ವ ಒಳಮನೆಯಲ್ಲಿ ಯಾರೊಡನೆಯೋ ಮಾತಾಡಿದಂತೆ, ಮಾತು ತಿಳಿಯದು, ದನಿ ಅವಳದೇ. ಇಂಥ ಹೊತ್ತಿಗಾಗಿಯೇ ತಾನು ಬೆಟ್ಟ ಹತ್ತುವುದು ಅನ್ನಿಸಿತು. ಯಾರ ತಮ್ಮನೂ ಅಲ್ಲ ಇಲ್ಲಿ, ಯಾರ ಗಂಡನೂ ಅಲ್ಲ, ಬರೀ ಹಗ್ಗ. ಹಗ್ಗಕ್ಕೆ ಏನು ತಪ್ಪು, ಏನು ಸರಿ? ಎದೆಯ ಮೇಲಿಂದ ಕಲ್ಲೊಂದು ಇಳಿದು ಹೋಗಿತ್ತು. ಬಹಳ ಹೊತ್ತು ಆ ನೆಮ್ಮದಿಯಲ್ಲಿ ನಡೆದ. ಯಾಕೆ ಇಷ್ಟು ನೆಮ್ಮದಿ ಎಂದು ಕೇಳಿಕೊಳ್ಳಲಿಲ್ಲ. ಕೆರೆ ಬಂತು, ಸೀಸದ ಬಣ್ಣದ ನೀರು, ದಡದಲ್ಲಿ ಗುಡಿಸಲು. ಹಲೀನಾ ಹೊಸ್ತಿಲಲ್ಲಿ ಕೂತು ಬೂಟು ಕಳಚಿ, ಎಂದಿನ ಹಾಗೆ ಮೊದಲು ಕಾಲುಚೀಲ ಹಿಂಡಿದಳು. ಪಾತ್ರೆ ಬಂದ, ಮೊಟ್ಟೆ ಬಂದ. ಪಾತ್ರೆ ತನ್ನ ಮೂಟೆ ಬಿಚ್ಚಿ, ತಪ್ಪಲೆಗೆ ನೀರು ತುಂಬಿ, ಸೊಂಟದ ಮೇಲೆ ಕೈಯಿಟ್ಟು ನಿಂತ.

"ನೀರಿದೆ, ಪಾತ್ರೆ ಇದೆ. ಕಾಯಿಸೋದೆಲ್ಲಿ, ನನ್ನ ತಲೆ ಮೇಲಾ? ಒಲೆ ಎಲ್ಲಿ?"

ಆಗ ಬ್ವಾಂಬಾಲೆಗೆ ತನ್ನ ನೆಮ್ಮದಿ ಯಾವುದೆಂದು ತಿಳಿಯಿತು. ಕೆಮ್ಮು ನಿಂತಿತ್ತು. ಎಲ್ಲಿ ನಿಂತಿತ್ತು? ಹೊನ್ನಿನ ಪಾಚಿಯ ಹತ್ತಿರವೋ, ಅದಕ್ಕೂ ಮುಂಚೆಯೋ? ಅದು ನಿಂತದ್ದನ್ನೇ ಅವನು ಅಷ್ಟು ದೂರ ಸವಿಯುತ್ತ ಬಂದಿದ್ದ.

"ನಿನ್ನ ಹಿಂದೆ ಇರಲಿಲ್ವಾ?" ಎಂದು ಪಾತ್ರೆಯನ್ನು ಕೇಳಿದ. ದನಿ ತನ್ನದಲ್ಲ ಅನ್ನಿಸಿತು.

"ನೀನು ನಡಿ, ಕೂತು ಬರ್ತೀನಿ ಅಂದ. ನಾಯಕ ನೀನು, ಹಿಂದಿರುಗಿ ನೋಡೋ ಕೆಲಸ ಯಾರದು? ನನ್ನದಾ?"

ಬ್ವಾಂಬಾಲೆ ಹಿಂದಕ್ಕೆ ಓಡಿದ. ಜೌಗಿನಲ್ಲಿ ಓಡಲಾಗುವುದಿಲ್ಲ, ಓಡುವ ಹಾಗೆ ಬೀಳುತ್ತ ಹೋದ. ಹಾಲಿನಂತಿದ್ದ ಮಂಜು ಈಗ ಬೂದಿಯಾಗಿತ್ತು. ಮಂಜಿಗೆ ಮಾನ ಮರ್ಯಾದೆ ಇಲ್ಲ. ಈಗಷ್ಟೇ ತೊಟ್ಟಿಲ ಬಟ್ಟೆ, ಈಗ ಹೆಣದ ಬಟ್ಟೆ. ಗಿಡಗಳ ನೆಂಟರು ಸಾಲಾಗಿ ನಿಂತು ಅವನು ಬೀಳುವುದನ್ನು ನೋಡಿದರು. ಮೊದಲು ಸಿಕ್ಕಿದ್ದು ವಾಸನೆ. ಸೀಮೆಎಣ್ಣೆ. ಅದನ್ನು ಹಿಡಿದು ಹೋದರೆ ಹುಲ್ಲಿನ ಗುಪ್ಪೆಯೊಂದರ ಮೇಲೆ ಒಲೆ ಕೂತಿತ್ತು, ನೇರವಾಗಿ, ಜೋಪಾನವಾಗಿ, ಪಕ್ಕದಲ್ಲಿ ಎಣ್ಣೆ ಡಬ್ಬ, ಡಬ್ಬದ ಮುಚ್ಚಳ ಬಿಗಿದಿತ್ತು. ಸುತ್ತ ಯಾರೂ ಇಲ್ಲ.

"ಒಲೇ!" ಎಂದು ಕೂಗಿದ. "ಏ ಒಲೇ!"

ಒಲೆ ಅವನ ಎದುರಿಗೇ ಕೂತಿತ್ತು. ಹೊರೆ ಕೆಳಗಿಟ್ಟವನನ್ನು ಏನೆಂದು ಕರೆಯುವುದು? ನಿಂತಲ್ಲೇ ಸುತ್ತ ತಿರುಗಿದ. ಎಲ್ಲ ಕಡೆ ಒಂದೇ ಬಿಳುಪು. ಆಮೇಲೆ ಅವನು ಯೋಚಿಸಲಿಲ್ಲ. ಎದೆ ತುಂಬ ಗಾಳಿ ತೆಗೆದುಕೊಂಡು ಕೂಗಿದ:

"ಬಲುಕೂ!"

ಓ ಎಂಬ ದನಿ ಬಂತು. ಮೇಲಿನಿಂದ, ಗುಡಿಸಲ ಕಡೆಯಿಂದ. ಅದು ಮೊಟ್ಟೆ, ಮೊಟ್ಟೆಯಾಗಿರುವುದನ್ನು ಮರೆತು ಓಗೊಟ್ಟವನು. ಓ ಎಂದು ಇನ್ನೊಂದು, ಬಹಳ ಕೆಳಗಿನಿಂದ, ಯಾವುದೋ ಬೇರೆ ಗುಂಪಿನ ಹೊರೆಯವನದು. ಓ ಎಂದು ಮತ್ತೊಂದು, ಕೆರೆಯ ಆಚೆ ದಡದಿಂದ. ಬಂಡೆಗಳು ಅವನ್ನೆಲ್ಲ ಎತ್ತಿಕೊಂಡು ಅತ್ತಿತ್ತ ಎಸೆದವು. ಕಣಿವೆಯ ಎಲ್ಲ ಮನೆಗಳ ಹಿರಿಯ ಮಕ್ಕಳು, ಇದ್ದವರು, ಹೋದವರು, ಮಂಜಿನಲ್ಲಿ ಎದ್ದು ನಿಂತು ಓ, ಓ ಎಂದ ಹಾಗೆ. ಆಮೇಲೆ ತಾವು ಓಗೊಟ್ಟದ್ದು ಏನೆಂದು ಅವರಿಗೇ ಹೊಳೆದು, ದನಿಗಳೆಲ್ಲ ಒಟ್ಟಿಗೆ ನಿಂತವು. ಮೇಲಿನಿಂದ ಪಾತ್ರೆಯ ಬೈಗುಳ ಕೇಳಿಸಿತು: "ಹೆಸರು ಕೂಗ್ತಿಯೇನೋ ಮುಠ್ಠಾಳ! ಯಾರ ಮನೆ ಮಗನ್ನ ಕೊಟ್ಟೆಯೋ! ಬಾಯಿಗೆ ಕೆಸರು ತುಂಬ್ತೀನಿ ಇರು!"

ಬ್ವಾಂಬಾಲೆ ಒಲೆಯ ಪಕ್ಕ ಕುಕ್ಕರಿಸಿದ. ಅಷ್ಟು ಓಗಳಲ್ಲಿ ಅಣ್ಣನದು ಇತ್ತೇ? ಇರಲಿಲ್ಲ ಎಂದು ಅವನಿಗೆ ಗೊತ್ತಿತ್ತು. ಬಲುಕು ನೇಮ ಮುರಿಯುವವನಲ್ಲ. ಸಾಯುತ್ತಿದ್ದರೂ ಬೆಟ್ಟದ ಮೇಲೆ ಆ ಹೆಸರಿಗೆ ಓಗೊಡುವವನಲ್ಲ. ಹಾಗಾದರೆ ಇಲ್ಲಿ ಅವನಿಗಿದ್ದ ಹೆಸರು ಯಾವುದು? ಒಲೆಗಿಂತ ಮುಂಚೆ, ಉಪ್ಪಿಗಿಂತ ಮುಂಚೆ? ಕೆನ್ನೆಯ ಕೆಳಗೆ ಬಡಿದುಕೊಂಡ ಬೆನ್ನು. ಏ, ಎಡಕ್ಕೆ ಕಾಲಿಡು. ಏ, ಜಾರ್ತದೆ ನೋಡು. ಕೂಗಲು ಹೋದರೆ ಸಣ್ಣ ದನಿ ಬಂತು, ನಾಚಿಕೆಯ ದನಿ:

"ತಮ್ಮಾ."

ಏನೂ ಇಲ್ಲ.

"ಏ ತಮ್ಮಾ!"

"ಓ."

ಇಷ್ಟು ಹತ್ತಿರದಿಂದ. ದೈತ್ಯ ಗಿಡದ ಒಣ ಎಲೆಗಳ ಕಂಬಳಿಯೊಳಗಿಂದ. ಗಾಳಿಗೆ ಮರೆಯಾಗಿ ಬುಡಕ್ಕೆ ಒರಗಿ ಕೂತಿದ್ದ ಬಲುಕು, ಗಿಡದ ಮಗುವಿನ ಹಾಗೆ. ಬೂಟು ಕಳಚಿದ್ದ. ಉಪ್ಪು ತಿಂದ ಕಾಲುಗಳು ಪಾಚಿಯ ಮೇಲೆ ಬೆಳ್ಳಗೆ ಬಿರಿದಿದ್ದವು. ಗಡ್ಡದಲ್ಲಿ ನಸುಗೆಂಪು ನೊರೆ. ಉಸಿರೆಳೆದರೆ ಎದೆಯೊಳಗೆ ಮಡಕೆಯಲ್ಲಿ ನೀರು ಕುದಿದ ಸದ್ದು.

"ಕೂಗಿದ್ದು ಕೇಳಿಸಲಿಲ್ವಾ? ಒಲೆ, ಒಲೆ ಅಂತ ಬಡ್ಕೊಂಡೆನಲ್ಲ!" ಬ್ವಾಂಬಾಲೆಗೆ ಸಿಟ್ಟು ಬಂದಿತ್ತು. ಅಳು ಬರಬೇಕಾದ ಜಾಗದಲ್ಲಿ ಅವನಿಗೆ ಯಾವಾಗಲೂ ಸಿಟ್ಟೇ ಬರುವುದು.

"ಒಲೆ ಅಲ್ಲೇ ಇತ್ತಲ್ಲ. ಅದು ಓ ಅನ್ನಲಿಲ್ವಾ?" ಬಲುಕು ನಗಲು ಹೋಗಿ ಕೆಮ್ಮಿದ. ಕೆಮ್ಮು ಇಳಿದ ಮೇಲೆ, "ಹಿಮ ಕಾಣ್ತದಾ ಅಲ್ಲಿಂದ?" ಎಂದ.

"ಇಲ್ಲ. ಮೋಡ."

"ಸುಳ್ಳು ಹೇಳ್ಬೇಡ."

"ಸತ್ಯವಾಗ್ಲೂ. ಮೋಡ. ಏಳು, ಇಳಿಯೋಣ."

"ನೀನು ಹೆಂಗೆ ಇಳೀತೀಯ? ಆಯಮ್ಮನ್ನ ಹತ್ತಿಸಬೇಕು. ನಿನ್ನ ಹಗ್ಗ..."

"ಬಾಯಿ ಮುಚ್ಕೊಂಡು ಕತ್ತು ಹಿಡ್ಕೋ."

ಪಾತ್ರೆ ಬಂದ, ಬಯ್ಯಲು ತೆರೆದ ಬಾಯಿ ಹಾಗೇ ಉಳಿಯಿತು. ಅವನ ಹಿಂದೆ ಮೊಟ್ಟೆ, ಬುಟ್ಟಿ ಇನ್ನೂ ಬೆನ್ನಿನಿಂದ ಇಳಿಸಿರಲಿಲ್ಲ. ಅವನ ಹಿಂದೆ, ಯಾರೂ ಕರೆಯದಿದ್ದರೂ, ಒದ್ದೆ ಬೂಟು ಮತ್ತೆ ಮೆಟ್ಟಿಕೊಂಡು ಹಲೀನಾ. ಅವಳು ಮೊಣಕಾಲೂರಿ ಬಲುಕುವಿನ ತುಟಿ ನೋಡಿದಳು, ಉಗುರು ನೋಡಿದಳು, ಎದೆಗೆ ಕಿವಿಯಿಟ್ಟು ತಲೆಯೆತ್ತಿ ಬ್ವಾಂಬಾಲೆಯನ್ನು ನೋಡಿದಳು. ಊಟದ ಹೊತ್ತಿನಲ್ಲಿ ಕೇಳಿದ್ದನ್ನು ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

"ನಾಳೆ ಹತ್ತೋದು ಇಲ್ಲ," ಎಂದ ಅವನೇ, ಇಂಗ್ಲಿಷಿನಲ್ಲಿ. "ಎಲ್ಲರೂ ಈಗಲೇ ಇಳೀಬೇಕು. ನೀವು ಕೆಳಗೆ ಹೋಗಿ ದೂರು ಕೊಡಬಹುದು. ಇವನು ನನ್ನ ಅಣ್ಣ."

ಮೊಟ್ಟೆ ಹೆದರಿ ಮೇಲೆ ನೋಡಿದ. ಆದರೆ ಮೇಲಿನವನಿಗೆ ಇಂಗ್ಲಿಷ್ ಬರುತ್ತದೋ ಇಲ್ಲವೋ. ಹಲೀನಾ ಕೂಡ ಮೇಲೆ ನೋಡಿದಳು, ಹಿಮವಿರಬೇಕಾದ ಕಡೆಗೆ, ಅಲ್ಲಿ ಬೂದಿ ಬಿಟ್ಟರೆ ಬೇರೇನಿರಲಿಲ್ಲ. ಅವಳ ಮುಖದಲ್ಲಿ ಒಂದು ಗಳಿಗೆ ಮಗುವಿನ ಕೈಯಿಂದ ಏನೋ ಕಿತ್ತುಕೊಂಡಂಥ ಭಾವ ಬಂದು ಹೋಯಿತು. ಅದು ಪೂರ್ತಿ ಹೋಗಲಿಲ್ಲ. ಅವಳು ಒಳ್ಳೆಯವಳ ಹಾಗೆ ನಗಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಎದ್ದು ನಿಂತು, "ಬೇಗ," ಎಂದಳು.

ಬ್ವಾಂಬಾಲೆ ಹೆಗಲಿನ ಹಗ್ಗ ಬಿಚ್ಚಿದ. ಹಿಮದ ಗೋಡೆಗೆ ಬಿಗಿಯುವ ಹಗ್ಗ. ಅದನ್ನು ಅಣ್ಣನ ತೊಡೆಗಳ ಕೆಳಗಿಂದ, ತನ್ನ ಎದೆಯ ಮೇಲಿಂದ, ಮತ್ತೆ ಅವನ ಬೆನ್ನ ಸುತ್ತ ತಂದು, ಹೆಂಗಸರು ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ಹಾಗೆ ಪಾತ್ರೆಯ ಕೈಯಲ್ಲಿ ಕಟ್ಟಿಸಿಕೊಂಡ. ಎದ್ದ. ಅಷ್ಟು ಭಾರವಿರಲಿಲ್ಲ ಬಲುಕು. ಅಷ್ಟು ಭಾರವಿರದಿದ್ದದ್ದೇ ಹೆದರಿಸಿತು. ಮೊಟ್ಟೆ ಒಲೆ ಎತ್ತಿಕೊಂಡ. ಆಗ ಮೊಟ್ಟೆಯ ಬುಟ್ಟಿ ಪಾಚಿಯ ಮೇಲೆ ಉಳಿಯಿತು. ಹಲೀನಾ ಅದನ್ನೊಮ್ಮೆ ನೋಡಿ, ಬಗ್ಗಿ, ಎರಡು ಕೈಯಲ್ಲಿ ಎತ್ತಿ ಎದೆಗವಚಿಕೊಂಡಳು.

"ಬೆನ್ನಿಗೆ ಹಾಕ್ಕೊಳ್ಳಮ್ಮಾ, ಬೆನ್ನಿಗೆ," ಎಂದು ಪಾತ್ರೆ ಕೈಸನ್ನೆ ಮಾಡಿ ಬುಟ್ಟಿ ಹೊರುವ ಪಟ್ಟಿಯನ್ನು ಅವಳ ಹಣೆಗೆ ಸರಿಮಾಡಿದ. "ಏ ಮೊಟ್ಟೆ, ಹುಷಾರು. ಒಡೆದ್ರೆ ನಿನ್ನ ಹೆಸರೇ ಒಡೆದುಹೋಗ್ತದೆ." ತನ್ನನ್ನು ಕರೆದದ್ದೆಂದು ಅವಳಿಗೆ ತಿಳಿಯಿತು. ತಿರುಗಿ ನೋಡಿದಳು.

ಗುಡಿಸಲಲ್ಲಿ ಉಳಿದ ಪಾತ್ರೆಗಳನ್ನು ನಾಳೆ ಯಾರಾದರೂ ತಂದಾರು. ಬರಿಗೈಯವನಾದ ಪಾತ್ರೆ ಮುಂದೆ ನಿಂತು, ಬಿದಿರ ಕೋಲಿನಿಂದ ಜೌಗನ್ನು ಚುಚ್ಚಿ ನೋಡುತ್ತ ದಾರಿ ಹಿಡಿದ. ಬ್ವಾಂಬಾಲೆಗೆ ತನ್ನ ಕಾಲು ಕಾಣುತ್ತಿರಲಿಲ್ಲ. ಕೆಳಗೆ ಬಗ್ಗಿದರೆ ಅಣ್ಣ ಜಾರುತ್ತಾನೆ. ಬಾಯಿಪಾಠವಾಗಿದ್ದ ಗುಪ್ಪೆಗಳೆಲ್ಲ ಮರೆತುಹೋಗಿದ್ದವು. ಈ ದಾರಿಯನ್ನು ಅವನು ಒಬ್ಬನ ತೂಕದಲ್ಲಿ ಕಲಿತಿದ್ದ, ಇಬ್ಬರ ತೂಕದಲ್ಲಿ ಅದು ಬೇರೆಯೇ ದಾರಿ. ಬೆನ್ನಿನ ಮೇಲೆ ಆ ಎದೆ ಬಡಿದುಕೊಳ್ಳುತ್ತಿತ್ತು, ನಿಂತು ನಿಂತು, ಏನನ್ನೋ ನೆನಪು ಮಾಡಿಕೊಳ್ಳುವಂತೆ. ಕತ್ತಿನ ಮೇಲೆ ಬಿಸಿಯುಸಿರು, ಸೀಮೆಎಣ್ಣೆಯ ವಾಸನೆ. ಇಷ್ಟು ಹತ್ತಿರ ಅಣ್ಣನ ಮುಖ ತನ್ನ ಮುಖಕ್ಕೆ ಬಂದು ಎಷ್ಟು ವರ್ಷವಾಯಿತು? ಮಾತಾಡಬೇಕೆನ್ನಿಸಿತು. ಏನು ಮಾತಾಡುವುದು? ಒಲೆ ಕೊಟ್ಟದ್ದು ಬೇಕೆಂದೇ ಎಂದು ಹೇಳುವುದೇ? ಅದು ಅವನಿಗೆ ಆಗಲೇ ಗೊತ್ತು. ಗೊತ್ತಿದ್ದೂ ಕೊಡು ಕೊಡು ಅಂದಿದ್ದ.

ಮುಂದಿನಿಂದ ಪಾತ್ರೆ ಕೂಗಿದ. ಹಗ್ಗವೆನ್ನಲು ಬಾಯಿ ತೆರೆದವನು ಹಿಂದಿರುಗಿ ಅವನ ಬೆನ್ನ ಮೇಲಿನ ಹೊರೆ ನೋಡಿ, ಬೆಟ್ಟದ ನೇಮ ಹೇಗಿದೆಯೋ ಹಾಗೆ ಕರೆದ:

"ಏ ಅಣ್ಣಾ, ಎಡಕ್ಕೆ ಕಾಲಿಡು."

"ಓ," ಎಂದ ಬಲುಕು, ಬೆನ್ನ ಮೇಲಿಂದ.

ಪಾತ್ರೆಗೆ ನಗು ಬಂದೇ ಬಂತು, ತಡೆದುಕೊಂಡ. ಬ್ವಾಂಬಾಲೆ ಎಡಕ್ಕೆ ಕಾಲಿಟ್ಟ. ನೆಲ ಗಟ್ಟಿಯಿತ್ತು.

"ಏ ಅಣ್ಣಾ, ಜಾರ್ತದೆ ನೋಡು."

"ಓ."

"ನಿನ್ನನ್ನಲ್ಲ," ಎಂದ ಬ್ವಾಂಬಾಲೆ. "ನನ್ನನ್ನ ಕರೆದದ್ದು." ಬೆನ್ನ ಮೇಲೆ ಏನೋ ಅಲುಗಿತು. ನಗುವೋ, ಕೆಮ್ಮೋ.

ಎಷ್ಟು ದೂರ ಹಾಗೆ ಇಳಿದರೋ. ಮಂಜು ಮೇಲೇ ಉಳಿಯಿತು. ಸಂಜೆಬೆಳಕಿನಲ್ಲಿ ಗಡ್ಡ ಬಿಟ್ಟ ಮೊದಲ ಮರ ಕಾಣಿಸಿತು, ಅದರ ಹಿಂದೆ ಇನ್ನೊಂದು, ಆಮೇಲೆ ಇಡೀ ಕಾಡು. ಪಾತ್ರೆ ಆ ಮರವನ್ನು ಮುಟ್ಟಿ, ಕೂಲೆಯಾಗಿ, ದೊಡ್ಡದಾಗಿ ಉಸಿರುಬಿಟ್ಟ. ಇಲ್ಲಿಂದ ಕೆಳಗೆ ಹೆಸರು ಹೇಳಬಹುದು. "ಸದ್ಯ," ಎಂದ. "ಬ್ವಾಂಬಾಲೆ, ಇಲ್ಲಿ ಬೇರಿದೆ, ಕಾಲೆತ್ತಿ ಹಾಕು."

ಬೆನ್ನ ಮೇಲಿಂದ ಏನೂ ಬರಲಿಲ್ಲ.

ಬ್ವಾಂಬಾಲೆ ನಿಂತುಬಿಟ್ಟ.

"ಹಂಗಲ್ಲ," ಎಂದ. "ಮೊದಲಿನ ಹಂಗೇ ಕರಿ."

ಕೂಲೆ ತಿರುಗಿ ನೋಡಿದ. ಹಿಂದೆ ಒಲೆ ನಿಂತಿತು, ಮೊಟ್ಟೆ ನಿಂತಳು. ಮರಗಳ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏ ಅಣ್ಣಾ," ಎಂದ ಕೂಲೆ, ಮೆಲ್ಲಗೆ.

ಒಂದು ಹನಿ ಬಿತ್ತು, ಇನ್ನೊಂದು ಬಿತ್ತು.

"ಓ."

"ಕರೀತಾ ಇರು," ಎಂದ ಬ್ವಾಂಬಾಲೆ. ಕಾಲೆತ್ತಿ ಬೇರು ದಾಟಿದ. "ಊರು ಬರೋವರೆಗೂ ಕರೀತಾ ಇರು."